ಪಿಚ್ಚರ್ ಮಾಮಾ ಮುಂದಿನದನ್ನು ನೋಡುತ್ತಿರಲಿಲ್ಲ

ನಮ್ಮ ದಾಂಡೇಲಿಯಲ್ಲಿ ನನ್ನ ಬಗ್ಗೆ ಒಂದು ಕಥೆ ಚಾಲ್ತಿಯಲ್ಲಿದೆ. ಹುಡುಗಿ ಧಾರವಾಡಕ್ಕೆ ಓದಲು ಹೋದಳು, ಅಲ್ಲಿ ಚರ್ಚಾಸ್ಪರ್ಧೆಯ ಹುಚ್ಚು ಹಿಡಿಸಿಕೊಂಡಳು, ಮಾತು ಕಲಿತಳು, ದೇವರನ್ನು ಬಿಟ್ಟಳು. ನಮ್ಮ ಚರ್ಚಿನ ಸಭೆಯ ಹೆಂಗಸರು ಇದನ್ನು ಹೇಳುವಾಗ ಕೊನೆಯ ಮಾತಿಗೆ ದನಿ ತಗ್ಗಿಸುತ್ತಾರೆ, ಹೆಸರು ಹೇಳಬಾರದ ರೋಗ ಬಂದವರ ಬಗ್ಗೆ ಮಾತಾಡುವಂತೆ. ನನಗೆ ಅವರ ಮೇಲೆ ಸಿಟ್ಟಿಲ್ಲ. ಆದರೆ ವಾದ ಕಲಿತವಳಿಗೆ ಕೆಟ್ಟ ವಾದ ಕಂಡರೆ ಬಾಯಿ ಸುಮ್ಮನಿರುವುದಿಲ್ಲ. ಧಾರವಾಡಕ್ಕೆ ಹೋದ ಮೇಲೆ ಬಿಟ್ಟಳು ಎನ್ನುವುದು ಬೇರೆ, ಹೋದದ್ದರಿಂದ ಬಿಟ್ಟಳು ಎನ್ನುವುದು ಬೇರೆ. ಇದನ್ನು ನಾನು ಈಗ ಮುಂಡಗೋಡದ ಕಾಲೇಜಿನಲ್ಲಿ ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡುತ್ತೇನೆ. ಹಾಗೆ ನೋಡಿದರೆ ಧಾರವಾಡಕ್ಕೆ ಹೋದ ಮೇಲೆ ನನಗೆ ಕನ್ನಡಕವೂ ಬಂತು, ಮಿರ್ಚಿ ಭಜಿ ತಿಂದರೆ ಎದೆ ಉರಿಯುವುದೂ ಶುರುವಾಯಿತು. ಅವನ್ನೂ ಚರ್ಚಾಸ್ಪರ್ಧೆಯ ತಲೆಗೆ ಕಟ್ಟಬೇಕಲ್ಲವೆ?

ಇನ್ನೊಂದು ಕಥೆ ನನ್ನ ಅಪ್ಪನದು. ಅವನು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ, ಈಗ ನಿವೃತ್ತ. ರಜೆಯ ದಿನಗಳಲ್ಲಿ ಒಂದು ಪ್ರೊಜೆಕ್ಟರು, ಒಂದು ಬಿಳಿ ಬೆಡ್‌ಶೀಟು ಕಟ್ಟಿಕೊಂಡು ಹಳಿಯಾಳ, ಜೋಯಿಡಾ ಕಡೆಯ ಹಳ್ಳಿಗಳಿಗೆ ಹೋಗಿ ಮಕ್ಕಳಿಗೆ ಸಾಹಸದ ಪಿಚ್ಚರ್ ತೋರಿಸುತ್ತಿದ್ದ. ಹಡಗು ಒಡೆದು ದ್ವೀಪ ಸೇರಿದ ಅಣ್ಣತಂಗಿಯರು, ಹಿಮದ ಬೆಟ್ಟದಲ್ಲಿ ದಾರಿ ತಪ್ಪಿದವರು, ನಿಧಿ ಹುಡುಕುವ ಅಜ್ಜ ಮೊಮ್ಮಗ. ಬೈಗುಳವಿಲ್ಲ, ರಕ್ತವಿಲ್ಲ, ಮನೆಮಂದಿಯೆಲ್ಲ ಕೂತು ನೋಡಬಹುದಾದಂಥವು. ನಡುವೆ ನಿಲ್ಲಿಸಿ ಯೇಸುವಿನ ಬಗ್ಗೆ ಎರಡು ಮಾತು ಹೇಳುತ್ತಿದ್ದ. ಊರೂರಿಗೆ ಅವನ ಹೆಸರೇ ಪಿಚ್ಚರ್ ಮಾಮಾ. ಸಭೆಯವರು, ಅವನ ಪಿಚ್ಚರ್ ನೋಡಿ ಎಷ್ಟೋ ಜನರ ಮನಸ್ಸು ತಿರುಗಿತು ಅನ್ನುತ್ತಾರೆ. ಆಗದವರು, ಚುರಮುರಿ ಕೊಟ್ಟು ಪಿಚ್ಚರ್ ತೋರಿಸಿ ಮಕ್ಕಳನ್ನು ಸೆಳೆಯುತ್ತಾನೆ ಅನ್ನುತ್ತಾರೆ. ಇಬ್ಬರೂ ಅಪ್ಪನಿಗೆ ಇಲ್ಲದ ಸಾಮರ್ಥ್ಯ ಕೊಡುತ್ತಾರೆ. ನಾನು ಆ ಬೆಡ್‌ಶೀಟಿನ ಪಕ್ಕದಲ್ಲಿ ನಿಂತೇ ಬೆಳೆದವಳು. ನನಗೆ ಗೊತ್ತಿರುವಂತೆ ಅಪ್ಪನ ಪಿಚ್ಚರ್ ನೋಡಿ ಬದಲಾದವಳು ನಾನೊಬ್ಬಳೇ, ಅದೂ ಉಲ್ಟಾ ದಿಕ್ಕಿಗೆ.

ನಾನು ಯಾರನ್ನು ಬೇಕಾದರೂ ಏನು ಬೇಕಾದರೂ ಕೇಳಬಲ್ಲೆ. ಒಮ್ಮೆ ತೀರ್ಪುಗಾರರನ್ನೇ ಕೇಳಿ ಬಹುಮಾನ ಕಳೆದುಕೊಂಡಿದ್ದೇನೆ. ಆದರೆ ಅಪ್ಪನಿಗೆ ಕೇಳಬೇಕಾದ ಒಂದು ಪ್ರಶ್ನೆಯನ್ನು ನಾಲ್ಕನೆಯ ಇಯತ್ತೆಯಿಂದ ಹೊತ್ತುಕೊಂಡು ತಿರುಗುತ್ತಿದ್ದೇನೆ. ಅದು ಅಮ್ಮನ ವಿಷಯ. ಹೇಳುತ್ತೇನೆ, ಸ್ವಲ್ಪ ತಡೆಯಿರಿ, ಮೊದಲು ನನ್ನ ಚಟದ ವಿಷಯ ಹೇಳಬೇಕು.

ಪಿಚ್ಚರ್ ನೋಡುವಾಗ ಅಪಾಯದ ಜಾಗ ಬಂತೆಂದರೆ ನನ್ನ ಬೆರಳು ತಾನಾಗಿಯೇ ಹೋಗಿ ಅದನ್ನು ನಿಲ್ಲಿಸುತ್ತದೆ. ನಾಯಕ ಹಗ್ಗದ ಸೇತುವೆಯ ಮೇಲಿದ್ದಾನೆ, ಹಗ್ಗ ಎಳೆ ಎಳೆಯಾಗಿ ಬಿಚ್ಚುತ್ತಿದೆ, ಟಕ್. ಧಾರವಾಡದ ಹಾಸ್ಟೆಲಿನಲ್ಲಿ ಇದೇ ಕಾರಣಕ್ಕೆ ಗೆಳತಿಯರು ನನ್ನನ್ನು ಲ್ಯಾಪ್‌ಟಾಪಿನಿಂದ ದೂರ ಕೂರಿಸುತ್ತಿದ್ದರು. ಈಗ ದೂರ ಕೂರಿಸಲು ಯಾರೂ ಇಲ್ಲ. ಮುಂಡಗೋಡದ ಬಾಡಿಗೆ ರೂಮಿನಲ್ಲಿ ಹೋದ ಭಾನುವಾರ ಹಾಗೆ ನಿಲ್ಲಿಸಿ, ಯೋಚನೆಯೇ ಇಲ್ಲದೆ ಜೋರಾಗಿ “ಈಗ ಏನಾಗ್ತೈತಿ?” ಎಂದುಬಿಟ್ಟೆ. ಕೆಳಗಿನ ಮನೆಯವರ ಮಿಕ್ಸರ್ ಸದ್ದು ನಿಂತಿತು. ಅವರಿಗೆ ಕೇಳಿಸಿತೋ, ಚಟ್ನಿ ಆಯಿತೋ ಗೊತ್ತಿಲ್ಲ. ಆಮೇಲೆ ಮುಖ ತೊಳೆದುಕೊಂಡು ಟಿಬೆಟನ್ ಕ್ಯಾಂಪಿನ ಕಡೆ ಹೋದೆ. ಭಾನುವಾರ ಅಲ್ಲಿ ಮೊಮೊ ತಿನ್ನುವುದು ನನ್ನ ರೂಢಿ. ಅಂಗಡಿಯ ಅಮ್ಮ ಪ್ರತಿ ಸಲ “ಒಂದೇ ಪ್ಲೇಟಾ?” ಎಂದು ಕೇಳುತ್ತಾರೆ. ವ್ಯಾಪಾರದ ಪ್ರಶ್ನೆ, ಅದರಲ್ಲಿ ಬೇರೆ ಅರ್ಥವಿಲ್ಲ. ಆದರೂ ಉತ್ತರ ಕೊಡುವಾಗ ನನ್ನ ದನಿ ವಿನಾಕಾರಣ ಗಟ್ಟಿಯಾಗುತ್ತದೆ.

ಈ ಚಟ ಅಪ್ಪನಿಂದ ಬಂದದ್ದು. ಅವನು ತೋರಿಸುವ ಪಿಚ್ಚರನ್ನು ತಾನು ಮೊದಲು ನೋಡಿರುತ್ತಿರಲಿಲ್ಲ. ಪ್ರತಿಜ್ಞೆ ಮಾಡಿದವನಂತೆ ನೋಡುತ್ತಿರಲಿಲ್ಲ. ಯಾರಾದರೂ ನಂಬಿಕೆಯವರು ‘ಇದು ಒಳ್ಳೇದು’ ಎಂದರೆ ಸಾಕು, ಸಿಡಿ ಚೀಲಕ್ಕೆ ಬೀಳುತ್ತಿತ್ತು. ಮಧ್ಯಾಹ್ನ ಹಳ್ಳಿಯ ಪ್ರಾರ್ಥನೆಯ ಹಾಲಿನ ಕಿಟಕಿಗಳಿಗೆ ತಾಡಪತ್ರಿ ಬಡಿದು ಕತ್ತಲೆ ಮಾಡುವುದು. ಎಷ್ಟು ಬಡಿದರೂ ಒಂದು ಮೂಲೆ ಬಿಚ್ಚಿಕೊಂಡು ಬಿಸಿಲಿನ ಪಟ್ಟಿಯೊಂದು ನಾಯಕಿಯ ಮೂಗಿನ ಮೇಲೆ ಕೂರುತ್ತಿತ್ತು. ಪಿಚ್ಚರ್ ಇಂಗ್ಲಿಷಿನದು. ಮೊದಮೊದಲು ಅಪ್ಪ ತನಗೆ ತಿಳಿದಷ್ಟು ಕನ್ನಡದಲ್ಲಿ ಹೇಳುತ್ತಿದ್ದ, ನಾನು ದೊಡ್ಡವಳಾದಂತೆ ಆ ಕೆಲಸ ನನಗೆ ಬಂತು. ಹಡಗಿನ ಕಪ್ತಾನನೂ ನಾನೇ, ಕಳ್ಳನೂ ನಾನೇ. ಕಳ್ಳನ ಮಾತಿಗೆ ಹೆಚ್ಚು ಮುತುವರ್ಜಿ ವಹಿಸುತ್ತಿದ್ದೆ.

ನಡುವೆ ಎಲ್ಲೋ ಒಂದು ಕಡೆ ಅಪ್ಪನಿಗೇ ಹೆದರಿಕೆಯಾಗುತ್ತಿತ್ತು. ಅಲ್ಲಿ ನಿಲ್ಲಿಸುತ್ತಿದ್ದ. ನಿಲ್ಲಿಸುವ ಜಾಗವನ್ನು ಅವನು ಆರಿಸುವುದು ಹಾಗೆ. “ಈಗ ಏನಾಗ್ತೈತಿ?” ಎಂದು ಮಕ್ಕಳನ್ನು ಕೇಳುವುದು, ಅವರು ಕಿತ್ತಾಡುವುದು, ಆಮೇಲೆ ಅವನು “ಪಾರಾಗ್ತಾನ. ಕೈ ಹಿಡಿಯಾಂವ ಒಬ್ಬಾಂವ ಅದಾನ” ಎಂದು ಶುರುಮಾಡುವುದು. ಪಾರಾಗುತ್ತಾನೋ ಇಲ್ಲವೋ ಅವನಿಗೂ ಗೊತ್ತಿರುತ್ತಿರಲಿಲ್ಲ ಎಂಬುದು ಊರವರಿಗೆ ಗೊತ್ತಿರಲಿಲ್ಲ.

ಖಾದರ್ ಚಾಚಾಗೆ ಗೊತ್ತಿತ್ತು. ಗ್ಯಾರೇಜಿನ ಖಾದರ್ ಚಾಚಾ ಅಪ್ಪನ ಗೆಳೆಯ. ಅವರದೇ ಮೂರು ಗಾಲಿಯ ಟಂಟಂ ಗಾಡಿಯಲ್ಲಿ ನಮ್ಮ ಸಾಮಾನೆಲ್ಲ ಹೋಗುತ್ತಿದ್ದದ್ದು. ಚಾಚಾ ನಮಾಜು ತಪ್ಪಿಸದ ಮನುಷ್ಯ, ಪಿಚ್ಚರಿನ ಕೊನೆಯನ್ನೂ ತಪ್ಪಿಸದ ಮನುಷ್ಯ. ಅಪ್ಪ ನಿಲ್ಲಿಸಿದಾಗಲೆಲ್ಲ ಹಿಂದಿನಿಂದ ಅವರ ದನಿ ಬರುತ್ತಿತ್ತು, “ಭಾಯ್, ಲಗೂನ ಮುಗಸು. ಅಲ್ಲಿ ಹುಡುಗ ಜೋತುಬಿದ್ದಾನ, ನೀ ಇಲ್ಲಿ ಭಾಷಣ ಮಾಡಾಕತ್ತೀ.”

“ಅವಂಗ ಏನೂ ಆಗೂದಿಲ್ಲ, ತಡಿ.”

“ಅವಂಗ ಆಗೂದಿಲ್ಲ, ನನಗ ಬಿಪಿ ಐತಿ.”

ನಗೆಯೇಳುತ್ತಿತ್ತು. ಮತ್ತೆ ಪಿಚ್ಚರ್ ಹತ್ತುತ್ತಿತ್ತು. ಮನೆಮಂದಿ ಕೂತು ನೋಡುವ ಸಾಹಸದ ಪಿಚ್ಚರಲ್ಲವೆ, ಹುಡುಗ ಪಾರಾಗುತ್ತಿದ್ದ. ಹುಡುಗರು ತಿರುಗಿ ಅಪ್ಪನ ಮುಖ ನೋಡುತ್ತಿದ್ದರು. ಅಪ್ಪನ ಮುಖದಲ್ಲಿ ಅವರಷ್ಟೇ ಸಮಾಧಾನ ಕಾಣುತ್ತಿತ್ತು.

ಅಮ್ಮ ಗೋವಾಕ್ಕೆ ಹೋದದ್ದು ಅದೇ ಕಾಲದಲ್ಲಿ, ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗ. ಮಡಗಾಂವದಲ್ಲಿ ವಯಸ್ಸಾದ ಗಂಡಹೆಂಡತಿಗೆ ಅಡಿಗೆ ಮಾಡಿಕೊಡುವ ಕೆಲಸ, ಚಳಿಗಾಲ ಮುಗಿಯುವವರೆಗೆ ಎಂದು ಮನೆಯಲ್ಲಿ ಮಾತಾಗಿತ್ತು. ಬಸ್ಸಿಗೆ ಹತ್ತಿಸಲು ನಾನೂ ಹೋಗಿದ್ದೆ. ಅಮ್ಮ ಹೊಸ ಚಪ್ಪಲಿ ಹಾಕಿಕೊಂಡಿದ್ದಳು. ಬಸ್ಸು ಬಿಡುವ ಮೊದಲು ಅಪ್ಪ ಅಮ್ಮ ಕಿಟಕಿಯಲ್ಲಿ ತುಸು ಹೊತ್ತು ಮಾತಾಡಿದರು. ನಾನು ಕಬ್ಬಿನ ಹಾಲಿನ ಗಾಡಿಯ ಗೆಜ್ಜೆ ಸದ್ದಿಗೆ ಕಿವಿ ಕೊಟ್ಟಿದ್ದೆ, ಮಾತು ಕೇಳಿಸಿಕೊಳ್ಳಲಿಲ್ಲ. ಮುಂದೆ ಎಷ್ಟೋ ಸಲ ಮೈಕಿನ ಮುಂದೆ ನಿಂತು ಎದುರಾಳಿಯ ಒಂದೊಂದು ಶಬ್ದವನ್ನೂ ಹಿಡಿದವಳು ನಾನು, ಆ ದಿನ ಕಬ್ಬಿನ ಹಾಲು ಬೇಕಿತ್ತು.

ಅಂದು ಸಂಜೆ ಫೋನು ಹತ್ತಲಿಲ್ಲ. “ಅನಮೋಡ ಗೇಟ್ ಹತ್ರ ಸಿಗ್ನಲ್ ಇರೂದಿಲ್ಲ ಬಾಳಾ” ಎಂದ ಅಪ್ಪ. ಮುದ್ದಿಗೆ ನನ್ನನ್ನು ಅವನು ಬಾಳಾ ಎಂದೇ ಕರೆಯುವುದು. ಗೋವಾದ ಗಡಿಯ ಆ ಊರನ್ನು ನಾನು ನೋಡಿರಲಿಲ್ಲ. ಬಹಳ ದಿನ ನನ್ನ ಕಲ್ಪನೆಯಲ್ಲಿ ಅಮ್ಮ ಅಲ್ಲೇ ಚೆಕ್‌ಪೋಸ್ಟಿನ ಹತ್ತಿರ, ಹೊಸ ಚಪ್ಪಲಿಯಲ್ಲಿ, ಫೋನನ್ನು ಮೇಲೆತ್ತಿ ಹಿಡಿದುಕೊಂಡು ನಿಂತಿರುತ್ತಿದ್ದಳು. ಚಳಿಗಾಲ ಮುಗಿಯಿತು. “ಮಮ್ಮಿ ಯಾವಾಗ ಬರ್ತಾಳ?” ಎಂದರೆ ಅಪ್ಪ “ಬರ್ತಾಳ” ಎನ್ನುತ್ತಿದ್ದ. ಯಾವಾಗ ಎಂಬುದಕ್ಕೆ ಅದು ಉತ್ತರವಲ್ಲ ಎಂದು ಈಗಿನ ನಾನಾದರೆ ಅಲ್ಲೇ ಹಿಡಿಯುತ್ತಿದ್ದೆ. ಆಗಿನ ನಾನು ಸಮಾಧಾನವಾಗಿ ಊಟ ಮಾಡಿದೆ.

ಆಮೇಲೆ ಕುದುರೆಯ ಪ್ರಸಂಗ ಬಂತು.

ಹಳಿಯಾಳದ ಕಡೆ ಸಿದ್ದಿ ಜನರ ಒಂದು ಊರು. ನೋಡಲು ಬಂದವರಲ್ಲಿ ಕ್ರೈಸ್ತರೂ ಇದ್ದರು, ಉಳಿದವರೂ ಇದ್ದರು. ಎಲ್ಲರಿಗಿಂತ ಮುಂದೆ ಚಾಪೆ ಹಾಸಿ ರೋಸಿ ಆಜಿ ಕೂತಿದ್ದಳು. ಆ ಊರಿಗೆ ಹಿರಿಯಳು, ಮದುವೆ ಮುಂಜಿ ಏನಿದ್ದರೂ ಅವಳ ಮಾತು ನಡೆಯುತ್ತಿತ್ತು. ಪಿಚ್ಚರಿನಲ್ಲಿ ಒಬ್ಬ ಹುಡುಗಿ ಕುಂಟು ಕುದುರೆಯೊಂದನ್ನು ಕರೆದುಕೊಂಡು ಬೆಟ್ಟ ದಾಟುತ್ತಾಳೆ. ಕೊನೆಗೆ ತುಂಬಿದ ಹೊಳೆ. ಹುಡುಗಿ ದಡ ಹತ್ತುತ್ತಾಳೆ, ಕುದುರೆ ಸುಳಿಯಲ್ಲಿ ಸಿಕ್ಕುತ್ತದೆ. ಅಪ್ಪ ಅಲ್ಲಿ ನಿಲ್ಲಿಸಿದ.

“ಈಗ ಏನಾಗ್ತೈತಿ?”

“ಸಾಯ್ತೈತ್ರಿ” ಎಂದ ಒಬ್ಬ.

“ಹೋಗಲೇ, ಕುದುರಿಗೆ ಈಸಾಕ ಬರ್ತೈತಿ.”

“ನಿಮ್ಮ ಮನ್ಯಾಗ ಕುದುರಿ ಐತೇನು?”

“ಎಮ್ಮಿ ಐತಿ. ಎಮ್ಮಿ ಈಸ್ತೈತಿ.”

ಅಪ್ಪ ನಕ್ಕು, ತಪ್ಪಿಸಿಕೊಂಡ ಕುರಿಯನ್ನು ಹುಡುಕಿ ಹೆಗಲ ಮೇಲೆ ಹೊತ್ತು ತರುವವನ ಕಥೆ ಹೇಳಿದ. ಚೆನ್ನಾಗಿಯೇ ಹೇಳಿದ. “ಕುದುರಿ ಬರ್ತೈತಿ, ನೋಡ್ರಿ” ಎಂದು ಮತ್ತೆ ಹಚ್ಚಿದ.

ಕುದುರೆ ಬರಲಿಲ್ಲ. ಹುಡುಗಿ ಒದ್ದೆ ಹಗ್ಗ ಹಿಡಿದು ದಡದಲ್ಲಿ ನಿಂತಳು. ಮುಂದಿನ ದೃಶ್ಯದಲ್ಲಿ ಬೇಸಿಗೆ ಬಂದಿತ್ತು, ಹುಡುಗಿ ಮನೆಯಲ್ಲಿದ್ದಳು, ಯಾರದೋ ಮರಿಗುದುರೆ ಅವಳ ಕೈ ನೆಕ್ಕುತ್ತಿತ್ತು. ಸಂಗೀತ, ಹೆಸರುಗಳು, ಮುಗಿಯಿತು.

ಯಾರೂ ಏಳಲಿಲ್ಲ. “ಕುದುರಿ ಎಲ್ಲಿ?” ಎಂದಳು ರೋಸಿ ಆಜಿ.

“ಪಿಚ್ಚರ್ ಮುಗೀತ್ರಿ ಆಜಿ” ಎಂದೆ ನಾನು.

“ಪಿಚ್ಚರ್ ಮುಗೀಲಿ. ಕುದುರಿ ಎಲ್ಲಿ? ಬರ್ತೈತಿ ಅಂತ ಇವರ ಅಲ್ಲೇನು ಅಂದವರು?”

“ನಾನೂ ಹಂಗ ತಿಳಕೊಂಡಿದ್ದೆ ಆಜಿ” ಎಂದ ಅಪ್ಪ.

“ಸಿಡಿ ಅರ್ಧಾನ ಕೊಟ್ಟಾರೇನೋ ಭಾಯ್” ಎಂದರು ಚಾಚಾ, ಗೆಳೆಯನನ್ನು ಉಳಿಸಲು.

ಆಮೇಲೆ ನಡೆದದ್ದು ಬೇರೆ ಯಾವ ಊರಲ್ಲೂ ನಡೆಯಲಾರದು. ಹೊಳೆಯ ಭಾಗವನ್ನು ಮತ್ತೆ ಹಚ್ಚಬೇಕೆಂದು ಆಜಿ ಹೇಳಿದಳು. ಅಪ್ಪ ಹಚ್ಚಿದ. ಕೂತವರೆಲ್ಲ ಮುಂದಕ್ಕೆ ಬಗ್ಗಿ ನೀರಿನಲ್ಲಿ ಕುದುರೆ ಹುಡುಕಿದರು. ಒಬ್ಬ ಎದ್ದು ಹೋಗಿ ಬೆಡ್‌ಶೀಟಿನ ಮೂಲೆಯಲ್ಲಿ ಬೆರಳಿಟ್ಟು “ಇದೊಂದು ಕಿವಿ ಕಾಣಸ್ತೈತಿ” ಎಂದ. ಕಲ್ಲು ಎಂದರು ಕೆಲವರು. ಮತ್ತೊಮ್ಮೆ ಹಚ್ಚಿದ್ದಾಯಿತು. ಕಿವಿಯ ಪಕ್ಷಕ್ಕೆ ಜನ ಹೆಚ್ಚಾದರು. ಕಡೆಗೆ ಆಜಿ ತೀರ್ಮಾನ ಕೊಟ್ಟಳು. “ಕೆಳಗ ಎಲ್ಲೋ ದಂಡಿಗೆ ಹತ್ತಿರ್ತೈತಿ. ನಮ್ಮ ಎಮ್ಮಿ ಹಂಗ ಹೋಗಿ ಕೆಳಗಿನ ಊರಾಗ ಸಿಕ್ಕಿತ್ತು. ಫೋಟೋ ಹೊಡಿಯಾವ್ರು ಅಲ್ಲೀತನಾ ಹೋಗಿಲ್ಲ, ಅಷ್ಟ.” ಎಲ್ಲರೂ ಒಪ್ಪಿದರು. ಅಪ್ಪನೂ ಒಪ್ಪಿದ. ಚುರಮುರಿ ಹಂಚಲಾಯಿತು.

ಒಪ್ಪದವಳು ನಾನೊಬ್ಬಳು. ಟಂಟಂ ಗಾಡಿಯಲ್ಲಿ ಸ್ಪೀಕರಿಗೆ ಒರಗಿ ಕೂತು ಬರುವಾಗ ನನಗೆ ಒಂದೇ ಸಂಗತಿ ಕೇಳಿಸುತ್ತಿತ್ತು. ಅಪ್ಪ ಕುದುರೆಯ ಬಗ್ಗೆ ‘ಬರ್ತೈತಿ’ ಎಂದದ್ದೂ ಅಮ್ಮನ ಬಗ್ಗೆ ‘ಬರ್ತಾಳ’ ಎಂದದ್ದೂ ಒಂದೇ ದನಿ. ಅದೇ ಮೆದು, ಅದೇ ಖಾತ್ರಿ. ಅಂದಿನಿಂದ ನಾನು ಅಮ್ಮನ ಬಗ್ಗೆ ಕೇಳುವುದನ್ನು ಬಿಟ್ಟೆ. ಪ್ರಾರ್ಥನೆ ಬಿಟ್ಟದ್ದೂ ಹೆಚ್ಚುಕಡಿಮೆ ಆಗಲೇ, ಕಣ್ಣು ಮುಚ್ಚಿ ಕೂರುವುದನ್ನು ಮಾತ್ರ ಮರ್ಯಾದೆಗೆ ಇಟ್ಟುಕೊಂಡೆ. ಧಾರವಾಡ ಇನ್ನೂ ದೂರವಿತ್ತು. ದಯವಿಟ್ಟು ಆ ಊರನ್ನು ಬಿಟ್ಟುಬಿಡಿ.

ಡಿಗ್ರಿಯ ದಿನಗಳಲ್ಲಿ ರಜೆಗೆ ಬಂದಾಗ ಅಪ್ಪನ ಜೊತೆ ಒಮ್ಮೆ ವಾದಕ್ಕಿಳಿದೆ. ಅವನು ಒಲೆಯ ಮುಂದೆ ಇದ್ದ, ಝುಣಕ ಮಾಡುತ್ತಿದ್ದ. ಅಮ್ಮ ಹೋದ ಮೇಲೆ ಕಲಿತ ಅಡಿಗೆ, ಈಗ ಅದಕ್ಕೆ ಅವನದೇ ಕೈರುಚಿ ಬಂದಿದೆ.

“ಪಪ್ಪಾ, ಒಮ್ಮೆ ಮೊದಲ ನೋಡಿಕೊಂಡು ಹೋಗಬಾರದೇನು? ಏನಾಗ್ತೈತಿ ಅಂತ ಗೊತ್ತಿಲ್ಲದನ ಖಾತ್ರಿ ಕೊಡ್ತೀಯಲ್ಲ.”

“ಮೊದಲ ನೋಡಿದ್ರ ನಾ ಹೇಳೂದು ಬರೇ ಸುದ್ದಿ ಆಗ್ತೈತಿ ಬಾಳಾ. ಹುಡುಗೂರ ಜೋಡಿ ನನಗೂ ಅಂಜಿಕಿ ಆಗಬೇಕು.”

“ಹೇಳಿದ್ದು ಸುಳ್ಳಾದ್ರ?”

“ಸುಳ್ಳಾದ್ರ ಎಲ್ಲಾರ ಮುಂದ ಸುಳ್ಳಾಗ್ತೈತಿ. ಹಳಿಯಾಳ ಕಡೆ ಆಗಲಿಲ್ಲೇನು? ಉಪ್ಪು ನೋಡು.”

ಉಪ್ಪು ಸರಿಯಾಗಿತ್ತು. ನನ್ನ ಬಳಿ ಇನ್ನೂ ನಾಲ್ಕಾರು ವಾದಗಳಿದ್ದವು. ಅವೆಲ್ಲ ಕುದುರೆಯ ಬಗ್ಗೆ ಎಂದು ಅವನು ತಿಳಿದಿದ್ದ, ಅಥವಾ ಹಾಗೆ ತೋರಿಸಿಕೊಂಡ. ನಾನು ರೊಟ್ಟಿ ಮುರಿದೆ.

ಅಮ್ಮ ಮನೆಗೆ ಮರಳಲೇ ಇಲ್ಲ, ದೊಡ್ಡವಳಾದ ಮೇಲೆ ನಾನೇ ಮಡಗಾಂವಕ್ಕೆ ಹೋಗಿ ಬಂದಿದ್ದೇನೆ. ಅಮ್ಮನನ್ನು ಖಳನಾಯಕಿ ಮಾಡಲು ಬರುವುದಿಲ್ಲ, ಮಾಡಿ ನೋಡಿದ್ದೇನೆ. ಆ ವೃದ್ಧರು ತೀರಿಕೊಂಡ ಮೇಲೆ ಅವಳು ಅಲ್ಲೇ ಒಂದು ಸಣ್ಣ ಖಾನಾವಳಿಯ ಅಡಿಗೆಮನೆ ನೋಡಿಕೊಳ್ಳುತ್ತಾಳೆ. ಮನೆಯಲ್ಲಿ ಇದ್ದಾಗ ಕಾಣದಷ್ಟು ನಗುತ್ತಾಳೆ. ಮೀನು ಕರಿಯುತ್ತಿದ್ದಳು. “ಬಸ್ ಹತ್ತೂ ಮುಂದ ಪಪ್ಪಾಗ ಏನ ಹೇಳಿದಿ? ವಾಪಸ್ ಬರ್ತೀನಿ ಅಂದಿದ್ದ್ಯೇನು?” ಎಂದು ಕೇಳಿದೆ. ಎಣ್ಣೆಯ ಸದ್ದಿನಲ್ಲಿ ಕೇಳಿಸಲಿಲ್ಲವೇನೋ ಎಂದುಕೊಂಡೆ. ಮೀನು ಮಗುಚಿ ಹಾಕಿದ ಮೇಲೆ ಹೇಳಿದಳು, “ಅದನ್ನ ನಿಮ್ಮ ಪಪ್ಪಾನ್ನ ಕೇಳು. ನಾ ಹೇಳಿದ್ದು ಅವರಿಗೆ ನೆನಪೈತಿ.” ಬರುವಾಗ ಚೀಲದ ತುಂಬ ಪಾವ್ ಕಟ್ಟಿಕೊಟ್ಟಳು. ಬಸ್ಸು ಅನಮೋಡ ದಾಟುವಾಗ ಫೋನು ನೋಡಿದೆ. ಈಗ ಸಿಗ್ನಲ್ ಇದೆ.

ಇಲ್ಲಿಗೆ ಪ್ರಶ್ನೆ ಎರಡು ದಾರಿಯಾಗುತ್ತದೆ. ಅಮ್ಮ ಬರುವುದಿಲ್ಲ ಎಂದು ಹೇಳಿಯೇ ಹೋಗಿದ್ದರೆ, ಜೀವನದಲ್ಲಿ ಒಂದೇ ಒಂದು ಸಲ ಅಪ್ಪ ಕೊನೆಯನ್ನು ಮೊದಲೇ ತಿಳಿದುಕೊಂಡಿದ್ದ, ತಿಳಿದೂ ನನಗೆ ‘ಬರ್ತಾಳ’ ಎಂದ. ಹೇಳದೆ ಹೋಗಿದ್ದರೆ, ಅವನೂ ನನ್ನ ಹಾಗೆ ಕಾದಿದ್ದ, ನಾನು ಕೇಳುವುದನ್ನು ಬಿಟ್ಟ ಮೇಲೆ ಒಬ್ಬನೇ ಕಾದಿದ್ದ. ಮೊದಲನೆಯದಾದರೆ ಸಿಟ್ಟು ಮಾಡಬಹುದು, ಸಿಟ್ಟು ನನಗೆ ಅಭ್ಯಾಸವಿದೆ. ಎರಡನೆಯದರ ಜೊತೆ ಏನು ಮಾಡಬೇಕೆಂದು ತಿಳಿಯದೆ ಇಷ್ಟು ವರ್ಷ ಕೇಳದೆ ಉಳಿದೆ. ವಾರಕ್ಕೊಮ್ಮೆ ನಮ್ಮ ಫೋನು ನಡೆಯುತ್ತದೆ. ಪಿಚ್ಚರಿನ ವಿಷಯ ಬಿಟ್ಟು ಬೇರೆ ಮಾತಿಲ್ಲ. ಯಾವುದು ಒಳ್ಳೆಯದಿದೆ ಎಂದು ಅವನು ಕೇಳುತ್ತಾನೆ, ನಾನು ಕೊನೆಯನ್ನು ಹೇಳದೆ ಹೆಸರಷ್ಟೇ ಹೇಳುತ್ತೇನೆ.

ಈ ಬೇಸಿಗೆಯಲ್ಲಿ ದಾಂಡೇಲಿ ಬಳಿಯ ಮೌಳಂಗಿಯ ಹತ್ತಿರ ಒಂದು ಪ್ರಾರ್ಥನೆಯ ಹಾಲಿನಲ್ಲಿ ಅಪ್ಪ ಪಿಚ್ಚರ್ ಇಟ್ಟುಕೊಂಡಿದ್ದ, ನಾನೂ ಹೋದೆ. ಮಕ್ಕಳು ಕಡಿಮೆ. ಇದ್ದವರ ಕೈಯಲ್ಲೂ ಮೊಬೈಲು. ಕಾಡಿನಲ್ಲಿ ವಿಮಾನ ಬಿದ್ದು ಉಳಿದ ಹುಡುಗನೊಬ್ಬ ಬಂಡೆಯ ತುದಿಯಲ್ಲಿ ಜೋಲುವ ಜಾಗಕ್ಕೆ ಅಪ್ಪ ನಿಲ್ಲಿಸಿದ. “ಈಗ ಏನಾಗ್ತೈತಿ?”

ಎರಡು ಜಡೆಯ ಹುಡುಗಿಯೊಬ್ಬಳು ತಲೆಯೆತ್ತದೆ ಹೇಳಿದಳು, “ಅವರಪ್ಪ ಹೆಲಿಕಾಪ್ಟರ್ ತಗೊಂಡು ಬರ್ತಾನ್ರಿ ಮಾಮಾ. ನಾ ಮೊಬೈಲ್‌ನ್ಯಾಗ ನೋಡೇನಿ.”

“ಹೌದೇನು?”

“ಹೌದ್ರಿ. ನಾಯಿನೂ ಉಳೀತೈತ್ರಿ.”

ಅಪ್ಪ ರಿಮೋಟು ಹಿಡಿದು ನಿಂತಿದ್ದ. ಅವನು ಕೊಡಬೇಕಾಗಿದ್ದ ಖಾತ್ರಿಯನ್ನು ಅವಳೇ ಕೊಟ್ಟಾಗಿತ್ತು, ಅವನದಕ್ಕಿಂತ ಗಟ್ಟಿಯಾದ ಆಧಾರದ ಮೇಲೆ. ನಾನು ಆ ಹುಡುಗಿಯ ಪಕ್ಷದವಳು, ವಾದದಲ್ಲಿ ಅವಳು ಗೆದ್ದಿದ್ದಳು. ಆದರೂ ಅಪ್ಪ ಏನಾದರೂ ಹೇಳಲಿ ಎಂದು ಕಾದೆ. “ಛಲೋ ಆತು” ಎಂದು ಅವನು ಗುಂಡಿ ಒತ್ತಿದ. ಭಾಷಣವಿಲ್ಲದೆ ಪಿಚ್ಚರ್ ಮುಗಿಯಿತು.

“ಭಾಯ್, ಇವತ್ತ ಮೊದಲನೇ ಸಲ ನನ್ನ ಚಹಾ ಬಿಸಿ ಇದ್ದಾಗ ಕುಡದೆ” ಎಂದರು ಚಾಚಾ. ಅಪ್ಪ ನಗಲಿಲ್ಲ. ಚಾಚಾ ಅದನ್ನು ಕಂಡು, ಗಾಡಿ ತರುವ ನೆಪ ಹೇಳಿ ನಡೆದರು.

ನಾವಿಬ್ಬರೂ ಹೊಳೆಯ ಕಡೆ ಹೋಗಿ ಕೂತೆವು. ಕಾಳಿ ನದಿಯ ಮೇಲೆ ಪ್ರವಾಸಿಗಳ ರಬ್ಬರ್ ದೋಣಿಗಳು ಒಂದರ ಹಿಂದೊಂದು ಬರುತ್ತಿದ್ದವು. ಕಿತ್ತಳೆ ಜಾಕೀಟು ತೊಟ್ಟವರು ರೊಕ್ಕ ಕೊಟ್ಟು ಅಂಜಿಕೊಂಡು ಕಿರುಚುತ್ತಿದ್ದರು. ಅಪ್ಪ ಚಪ್ಪಲಿ ಬಿಟ್ಟು ಕಾಲು ಚಾಚಿದ. ಹಿಮ್ಮಡಿ ಒಡೆದಿದ್ದವು.

“ಇನ್ನ ಸಾಕು ಮಾಡೂಣು ಅನಸ್ತೈತಿ ಬಾಳಾ,” ಎಂದ. “ಎಲ್ಲಾರೂ ನೋಡಿರ್ತಾರ.”

“ಹಂಗಂದ್ರ ಫೋನ್ ಮಾಡಿ ಏನ್ ಮಾತಾಡ್ತೀ ನನ್ನ ಜೋಡಿ?”

ಅವನು ಸುಮ್ಮನೆ ನಕ್ಕ. ಆ ನಗೆಯಲ್ಲಿ ಅವನಿಗೂ ಅದು ಗೊತ್ತಿದೆ ಎಂಬುದು ಗೊತ್ತಾಯಿತು. ಪಿಚ್ಚರ್ ನಿಂತರೆ ದಾಂಡೇಲಿಗೂ ಮುಂಡಗೋಡಕ್ಕೂ ನಡುವೆ ನಮಗೆ ಉಳಿಯುವುದು ಬಸ್ಸಿನ ವೇಳೆ ಮತ್ತು ಊಟ ಆಯಿತೇ ಎಂಬ ಮಾತು.

ನಾನು ಸಿದ್ಧಮಾಡಿಕೊಂಡಿದ್ದ ಪ್ರಶ್ನೆ ಚೆನ್ನಾಗಿತ್ತು. ಹೌದು ಅಥವಾ ಇಲ್ಲ ಎನ್ನಲೇಬೇಕಾದ, ತಪ್ಪಿಸಿಕೊಳ್ಳಲು ಸಂದಿಯಿಲ್ಲದ ಪ್ರಶ್ನೆ. ಅಮ್ಮ ಕಿಟಕಿಯಲ್ಲಿ ಏನೆಂದಳು, ನಿನಗೆ ಗೊತ್ತಿತ್ತೋ ಇಲ್ಲವೋ. ಬಾಯಿಯವರೆಗೂ ಬಂತು. ಅಷ್ಟರಲ್ಲಿ ಅಪ್ಪ ಬಗ್ಗಿ ಚಪ್ಪಲಿಯೊಳಗಿನ ಮರಳು ಝಾಡಿಸತೊಡಗಿದ. ಅಂಗಿಯ ಕಾಲರಿನ ಹಿಂದೆ ಅವನೇ ಹಾಕಿಕೊಂಡ ಹೊಲಿಗೆ ಕಂಡಿತು, ನೀಲಿ ಬಟ್ಟೆಗೆ ಬಿಳಿ ದಾರ. ದೂರದಲ್ಲಿ ಟಂಟಂ ಚಾಲೂ ಆದ ಸದ್ದು ಕೇಳಿತು. ಸಮಯವಿರಲಿಲ್ಲ.

“ಪಪ್ಪಾ,” ಎಂದೆ, “ಮಮ್ಮಿ ಬರ್ತಾಳ ಅಂತ ನೀನೂ ನಂಬಿದ್ದ್ಯೇನು?”